ಬಂಡೆಯಂಚಿನ ಗಿಡ ಮತ್ತು ನಮ್ಮ ಲ್ಯಾಬಿನ ಮಾಮಾ

ಮೊನ್ನೆ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಇಳಿಸುತ್ತಿದ್ದ ಲಾರಿಯ ಪಕ್ಕ ಹಾದು ಹೋಗುವಾಗ, ಮಳೆಗೆ ನೆನೆದ ತೆಂಗಿನ ನಾರಿನ ಹಗ್ಗದ ವಾಸನೆ ಬಂತು. ಹಮಾಲರು ಹಗ್ಗ ಬಿಚ್ಚಿ ನೆಲಕ್ಕೆ ಒಗೆದಿದ್ದರು. ನಾನು ಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ಹಿಂದಿದ್ದ ಕೈಗಾಡಿಯವನು "ತಾಈ, ಪುಢೇ ಚಲಾ" ಎಂದು ಮುಂದೆ ನಡೆಯಲು ಎರಡು ಸಲ ಕೂಗಿದ ಮೇಲೆ ಕಾಲು ಕಿತ್ತೆ.

ಹದಿನೆಂಟು ವರ್ಷದ ಹಿಂದೆ ನಾನು ಇದೇ ಪುಣೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಇಲ್ಲಿ ಲ್ಯಾಬಿನ ಸಿಪಾಯಿಯನ್ನು ಎಲ್ಲರೂ ಮಾಮಾ ಅಂತಲೇ ಕರೆಯುವುದು. ನಮ್ಮ ಮಾಮಾ ಯಾದಗಿರಿ ಕಡೆಯವರು. ಹೆಂಡತಿಯೊಂದಿಗೆ ಕಟ್ಟಡದ ಕೆಲಸಕ್ಕೆಂದು ಬಂದು, ಕೆಲವು ವರ್ಷ ಗಾರೆ ಹೊತ್ತು, ಆಮೇಲೆ ಕಾಲೇಜಿಗೆ ಸೇರಿದ್ದರು. ಒಂದು ದಿನ ನಾನು ಫೋನಿನಲ್ಲಿ ಧಾರವಾಡದ ಅವ್ವನ ಜೊತೆ ಮಾತಾಡುವುದನ್ನು ಕೇಳಿ, "ನೀವು ನಮ್ಮ ಕಡೀಯವ್ರೇನ್ರಿ ತಂಗಿ?" ಎಂದರು. ಅವತ್ತಿನಿಂದ ನನ್ನ ಹತ್ತಿರ ಮರಾಠಿ ಆಡಲಿಲ್ಲ.

ನನ್ನ ಅಭ್ಯಾಸದ ವಿಷಯ ಕೊಂಕಣದ ಕಡಲಂಚಿನ ಕಡಿದಾದ ಬಂಡೆಗಳ ಮೇಲೆ ಬೆಳೆಯುವ ಗಿಡಗಳು. ಅಲ್ಲಿ ಮಣ್ಣೆಂಬುದಿಲ್ಲ. ಬೇಸಿಗೆಯಲ್ಲಿ ಕೆಂಪು ಕಲ್ಲು ಹೆಂಚಿನಂತೆ ಕಾಯುತ್ತದೆ, ಮಳೆಗಾಲದಲ್ಲಿ ಉಪ್ಪುನೀರು ಮೇಲಿನ ತನಕ ಸಿಡಿಯುತ್ತದೆ. ಆದರೂ ಬಿರುಕಿನಲ್ಲಿ ಬೇರು ತೂರಿಸಿ ಕೂತಿರುತ್ತವೆ... ಹುಲ್ಲು, ಕಳ್ಳಿ, ದಪ್ಪ ಎಲೆಯ ಕುಳ್ಳ ಗಿಡಗಳು. ಮಾಮಾ ನಮ್ಮ ಎಲ್ಲ ತಿರುಗಾಟಕ್ಕೂ ಬರುತ್ತಿದ್ದರು. ಹಳೆಯ ಪೇಪರಿನ ನಡುವೆ ಗಿಡವನ್ನು ಒಂದೆಲೆಯೂ ಮಡಚದಂತೆ ಒತ್ತಿಡುವುದು ಅವರಿಗಷ್ಟೇ ಬರುತ್ತಿತ್ತು. ಲ್ಯಾಟಿನ್ ಹೆಸರು ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ, ಆದರೆ ಹೋದ ವರ್ಷ ಯಾವ ಗಿಡ ಯಾವ ಕಲ್ಲಿನ ಮಗ್ಗುಲಲ್ಲಿ ಇತ್ತೆಂದು ಕೇಳಿದರೆ ನೇರ ಅಲ್ಲಿಗೇ ಹೋಗಿ ನಿಲ್ಲುತ್ತಿದ್ದರು.

ನನಗೆ ಒಂದು ಗಿಡದ ಹೂ ಮಾತ್ರ ಸಿಕ್ಕಿರಲಿಲ್ಲ. ಬೂದು ಬಣ್ಣದ, ಕಡಲೆಕಾಳಿನಷ್ಟು ಎಲೆಯ ಸಣ್ಣ ಗಿಡ. ಹೂವಿಲ್ಲದೆ ಅದನ್ನು ಗುರುತಿಸುವಂತಿರಲಿಲ್ಲ, ಅದಿಲ್ಲದೆ ನನ್ನ ಪ್ರಬಂಧದ ಒಂದು ಅಧ್ಯಾಯವೇ ನಿಂತಿತ್ತು. ಮಳೆ ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ ಅದು ಕಂಡಿತು. ಬಂಡೆಯಂಚಿನಿಂದ ಎರಡಾಳು ಕೆಳಗೆ, ಮೈತುಂಬ ನೇರಳೆ ಹೂ. ಅದರ ಕೆಳಗೆ ಬರೀ ಗಾಳಿ, ಮತ್ತೆ ಕಡಲು.

ನಮ್ಮ ಗೈಡ್ ಸರ್ ಹಿಂದೆ ಜೀಪಿನ ಹತ್ತಿರ ಇದ್ದರು. ಅಂಚಿನಲ್ಲಿ ಇದ್ದದ್ದು ನಾವಿಬ್ಬರೇ. ಸಾಮಾನು ಕಟ್ಟುವ ತೆಂಗಿನ ನಾರಿನ ಹಗ್ಗ, ಮಳೆಗೆ ನೆನೆದದ್ದು, ಮಾಮಾ ಅವರ ಹೆಗಲ ಮೇಲಿತ್ತು.

"ಮಾಮಾ, ಹಗ್ಗ ಅದ ಅಲ್ರಿ," ಎಂದೆ.

ಅವರು ಕೆಳಗೆ ನೋಡಿದರು. ಎರಡೂ ಅಂಗೈ ಪ್ಯಾಂಟಿಗೆ ಒರೆಸಿಕೊಂಡರು. "ಅದೇ ಬೇಕೇನ್ರಿ ತಂಗಿ? ಈ ಕಡಿ ಹುಡುಕಿದ್ರ ಸಿಗಂಗಿಲ್ಲೇನು?"

"ಎರಡು ವರ್ಷ ಹುಡುಕೀನ್ರಿ. ಹೂ ಇರೋದು ಅಲ್ಲೇ."

ಅವರು ಹಗ್ಗದ ಒಂದು ತುದಿಯನ್ನು ಗೇರುಮರದ ಬೊಡ್ಡೆಗೆ ಕಟ್ಟಿ, ಇನ್ನೊಂದನ್ನು ಸೊಂಟಕ್ಕೆ ಸುತ್ತಿಕೊಂಡರು. ಗಂಟು ಹಾಕುವಾಗ ಕೈ ನಡುಗುತ್ತಿತ್ತು. ನಾನದನ್ನು ನೋಡಿದೆ. ನೆನೆದ ಅಂಗಿಗೆ ಚಳಿಯಿರಬೇಕು ಅಂದುಕೊಂಡೆ... ಹಾಗಂದುಕೊಳ್ಳುವುದು ನನಗೆ ಬೇಕಾಗಿತ್ತು.

ಅರ್ಧ ಇಳಿದಿದ್ದರು. ಕಾಲಿಟ್ಟ ಕಲ್ಲು ಪಾಚಿಗೆ ಜಾರಿತು. ಹಗ್ಗ ಒಮ್ಮೆ ಬಿಗಿದು, ತಟ್ಟನೆ ಸಡಿಲಾಯಿತು. ಹರಿದಿರಲಿಲ್ಲ, ಸೊಂಟದ ಗಂಟು ಬಿಚ್ಚಿಕೊಂಡಿತ್ತು. ಅವರು ಕೂಗಲೂ ಇಲ್ಲ. ಮೀನುಗಾರರು ದೋಣಿ ತಂದು ಅವರನ್ನು ಎತ್ತಿಕೊಳ್ಳುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು.

ಕಾಲೇಜಿನಲ್ಲಿ ವಿಚಾರಣೆ ನಡೆಯಿತು. ಸರ್ ನನ್ನನ್ನು ಕೋಣೆಗೆ ಕರೆದು ಮೆಲ್ಲಗೆ ಹೇಳಿದರು: "ಯಾರೂ ಇಳಿ ಅಂದಿರಲಿಲ್ಲ ಅಲ್ಲವಾ? ಅಷ್ಟೇ ಬರೆದುಕೊಡು." ನಾನು ಬರೆದುಕೊಟ್ಟೆ. ಮಾಮಾ ತಾವಾಗಿಯೇ ಇಳಿದರು, ನಾನು ಬೇಡವೆಂದರೂ ಕೇಳಲಿಲ್ಲ, ಎಂದು. ಬೇಡವೆಂದೆ ಅನ್ನುವ ಮಾತನ್ನು ಬರೆ ಎಂದು ಸರ್ ಹೇಳಿರಲಿಲ್ಲ. ಅದನ್ನು ಸೇರಿಸಿದವಳು ನಾನೇ.

ದಿನಕರ್ಮ ಮುಗಿದ ಮೇಲೆ ಮಾಮಾ ಅವರ ಮನೆಗೆ ಹೋದೆ. ಮಾರ್ಕೆಟ್ ಯಾರ್ಡಿನ ಹಿಂದಿನ ವಸ್ತಿಯಲ್ಲಿ ಒಂದು ತಗಡಿನ ಖೋಲಿ. ಅವರ ಹೆಂಡತಿ ನನಗೆ ನೀರು ಕೊಟ್ಟು, ಎದುರಿಗೆ ಕೂತು ಕೇಳಿದರು:

"ಅವ್ರು ತಾವಾಗೇ ಇಳದ್ರೇನ್ರಿ?"

"ಹೌದ್ರಿ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಕಟ್ಟಡದ ಮ್ಯಾಲಿಂದ ಅವ್ರ ತಮ್ಮ ಅವ್ರ ಕಣ್ಣ ಮುಂದನ ಬಿದ್ದು ಸತ್ತಿದ್ದ. ಅದಕ್ಕ ಆ ಕೆಲಸ ಬಿಟ್ರು. ಈ ತಗಡಿನ ಪತ್ರಾ ಸೋರಿದ್ರ ಮ್ಯಾಲ ಹತ್ತಾಕ ಅಂಜಿ ನನ್ನ ಹತ್ತಸ್ತಿದ್ರು..." ಅಷ್ಟು ಹೇಳಿ ನನ್ನ ಕೈಯಿಂದ ಲೋಟ ತೆಗೆದುಕೊಂಡು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ನಾನು ಸ್ವಲ್ಪ ಹೊತ್ತು ಕೂತು, ಎದ್ದು ಬಂದೆ.

ಒಂದು ತಿಂಗಳಾದ ಮೇಲೆ ಅದೇ ಕರಾವಳಿಯ ಒಂದು ಮೀನುಗಾರರ ಊರಿನ ಹಿಂದೆ, ಜನ ನೀರಿಗೆ ಹೋಗುವ ಕಾಲುದಾರಿಯಲ್ಲಿ, ಆ ಗಿಡ ಸಿಕ್ಕಿತು. ನನ್ನ ಮೊಣಕಾಲಿನ ಎತ್ತರಕ್ಕೆ ಇತ್ತು ಆ ಕಲ್ಲು. ಹೂವೂ ಇತ್ತು. ಕೂತು ಕೈಯಿಂದಲೇ ಬಿಡಿಸಿಕೊಂಡೆ. ನನಗೆ ಪಿಎಚ್‌ಡಿ ಆಯಿತು, ಕೆಲಸವೂ ಆಯಿತು.

ಮೊನ್ನೆ ಕಾಯಿಪಲ್ಯ ಕೊಳ್ಳದೆ ಆ ವಸ್ತಿಯ ಕಡೆ ನಡೆದೆ. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ತಗಡು ಹೋಗಿ ಸಿಮೆಂಟಿನ ಗೋಡೆ ಬಂದಿತ್ತು, ಬಾಗಿಲಿಗೆ ಬೇರೆಯವರ ಹೆಸರಿತ್ತು. ಪಕ್ಕದ ಮನೆಯ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದ ಮುದುಕಿಯನ್ನು, ಮಾಮಾ ಅವರ ಹೆಂಡತಿ ಎಲ್ಲಿ ಎಂದು ಕನ್ನಡದಲ್ಲೇ ಕೇಳಿದೆ.

"ಅಕಿ ಹೋಗಿ ಎರಡು ವರ್ಷಾತ್ರಿ," ಎಂದಳು. ಆಸ್ಪತ್ರೆಗೆ ಸೇರಿಸಿದವರು ಈ ಓಣಿಯವರೇ ಅಂತೆ, ಮಣ್ಣು ಮಾಡಿದವರೂ ಅವರೇ. ಊರಿನಿಂದ ಯಾರೂ ಬರಲಿಲ್ಲವಂತೆ.

ನಾನು ಹೇಳಬೇಕೆಂದು ಒಂದು ಮಾತು ಹೊತ್ತು ಹೋಗಿದ್ದೆ. ಅದನ್ನು ಕೇಳಬೇಕಾದವರು ಇನ್ನು ಯಾರೂ ಇಲ್ಲ. ಮುದುಕಿ ಮೊರ ಕೆಳಗಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನೀವು ಅವ್ರಿಗೆ ಏನಾಗ್ಬೇಕ್ರಿ?"

"ಏನೂ ಆಗ್ಬೇಕಾಗಿಲ್ರಿ," ಎಂದೆ.