ಹಗೇವಿನಲ್ಲಿ ಹಿಡಿದ ಕೈ

ಮೊನ್ನೆ ವಾಡಿಯ ನಮ್ಮ ಮನೆಯಲ್ಲಿ ಗಾರೆ ಕೆಲಸದ ಗೌಂಡಿ ಅಡುಗೆಕೋಣೆಯ ನೆಲದ ಫರಸಿಕಲ್ಲೊಂದನ್ನು ಎಬ್ಬಿಸಿದ. ಅಡಿಯಿಂದ ತಣ್ಣನೆಯ ಮುಗ್ಗಲು ಮಣ್ಣಿನ ವಾಸನೆ ಬಂತು. ನೀವಾಗಿದ್ದರೆ ಮೂಗು ಮುಚ್ಚಿಕೊಂಡು ಸುಮ್ಮನಾಗುತ್ತಿದ್ದಿರಿ. ನನಗೆ ಅವತ್ತು ಊಟ ಸೇರಲಿಲ್ಲ.

ಹಿಂದೊಮ್ಮೆ ನಾನು ಶಾಂತಿ ಮತ್ತು ಸಂಘರ್ಷದ ಅಧ್ಯಯನದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಹಾಗೆಂದಾಗ, ಶಾಂತಿ ಯಾರ ಮಗಳು ಎಂದು ಕೇಳಿದವರೂ ಇದ್ದರು. ನಲವತ್ತೇಳು-ನಲವತ್ತೆಂಟರ ರಜಾಕಾರರ ಹಾವಳಿ, ಅದರ ಬೆನ್ನಿಗೇ ಮಿಲಿಟರಿ ಬಂದು ನಡೆಸಿದ ಪೊಲೀಸ್ ಕಾರ್ಯಾಚರಣೆಯ ದಿನಗಳು, ಇವೆರಡೂ ಮುಗಿದ ಮೇಲೆ ಒಂದೇ ಓಣಿಯ ಜನ ಮತ್ತೆ ಹೇಗೆ ಕೂಡಿ ಬಾಳಿದರು ಎಂಬುದು ನನ್ನ ವಿಷಯ. ಜಗತ್ತಿನ ಜಗಳಗಳೆಲ್ಲ ನನ್ನ ಪದವಿಗಾಗಿಯೇ ಕಾದಿವೆ ಎಂಬ ಹುರುಪಿನಲ್ಲಿ ತಿರುಗುತ್ತಿದ್ದೆ.

ಸೇಡಂನಲ್ಲಿ ನಿವೃತ್ತ ಮಾಸ್ತರು ಗುಂಡಾಚಾರರು ಸಿಕ್ಕರು. ರಜಾಕಾರರು ಬಂದಾಗ ಅವರು ಚಿಮ್ಮನಚೋಡದಲ್ಲಿದ್ದ ಸಣ್ಣ ಹುಡುಗ. ಪಕ್ಕದ ರೈತರ ಮನೆಯ ಮುದುಕಿ ಅವರನ್ನು ತನ್ನ ಅಂಗಳದ ಹಗೇವಿಗೆ, ಅಂದರೆ ಜೋಳ ತುಂಬುವ ನೆಲದಡಿಯ ಗುಂಡಿಗೆ, ಇಳಿಸಿ ಮೇಲೆ ಕಲ್ಲು ಎಳೆದಿದ್ದಳು. ಒಳಗೆಲ್ಲ ತಣ್ಣನೆಯ ಮುಗ್ಗಲು ಮಣ್ಣಿನ ವಾಸನೆ, ಯಾರೋ ತಮ್ಮ ಕೈ ಹಿಡಿದಿದ್ದರು ಎಂದು ಆಚಾರರು ಹೇಳಿದರು. ಹೆದರಿದ ಹುಡುಗನಿಗೆ ಹಾಗನ್ನಿಸಿರಬೇಕು ಎಂದುಕೊಂಡೆ.

ಕೆಲವು ವಾರ ಕಳೆದು ಚಿತ್ತಾಪುರದಲ್ಲಿ ಹಾಜರಾಬಿ ಎಂಬ ಅಜ್ಜಿ ಸಿಕ್ಕಳು. ಅವಳೂ ಅದೇ ಊರಿನವಳು. ಮಿಲಿಟರಿ ಬಂದ ಮೇಲೆ ಜನ ಅವಳ ಮನೆಯವರ ಮೇಲೆ ತಿರುಗಿಬಿದ್ದಾಗ, ಅದೇ ಮುದುಕಿ ಅದೇ ಹಗೇವಿನಲ್ಲಿ ಅವಳನ್ನೂ ಅಡಗಿಸಿದ್ದಳು. ಒಳಗೊಂದು ಮಗು ಇತ್ತು, ಅಳಬೇಡ ಎಂದು ಕೈ ಹಿಡಿದಿತ್ತು ಎಂದಳು.

ದಿನಗಳ ಲೆಕ್ಕ ಹಾಕದೆ, ಆ ಮಗು ಆಚಾರರೇ, ಅವರ ಕೈ ಹಿಡಿದವಳು ಇವಳೇ ಎಂದುಕೊಂಡು ನಾನು ಹಿಗ್ಗಿಹೋದೆ. ಇಬ್ಬರನ್ನೂ ಕೂಡಿಸಿದರೆ ನನ್ನ ಪ್ರಬಂಧಕ್ಕೆ ಅದಕ್ಕಿಂತ ಒಳ್ಳೆಯ ಕೊನೆ ಸಿಗುವುದಿಲ್ಲ ಎನಿಸಿತು. ಆಚಾರರನ್ನು ಚಿತ್ತಾಪುರಕ್ಕೆ ಕರೆದೊಯ್ದೆ. ಹಾಜರಾಬಿ ಅವರ ಮುಖವನ್ನೇ ನೋಡುತ್ತ ಕೇಳಿದಳು.

“ಅಳಬ್ಯಾಡ ಅಂತ ನನ್ನ ಕೈ ಹಿಡದಾಂವ ನೀವೇ ಏನ್ರಿ?”

“ನಾ ಅಲ್ಲವಾ. ಮಿಲಿಟರಿ ಬರೂದಕ್ಕ ಭಾಳ ಮೊದಲೇ ನಾವು ಊರು ಬಿಟ್ಟಿದ್ವಿ.”

“ಹಂಗಾದ್ರ ಒಳಗ ಯಾರಿದ್ರು?”

ಆಚಾರರು ಬಲಗೈಯನ್ನು ಮೆಲ್ಲಗೆ ಶಾಲಿನೊಳಗೆ ಎಳೆದುಕೊಂಡರು. “ನನ್ನ ಮ್ಯಾಲ ಎತ್ತುವಾಗ ಆ ಕೈ ಬಿಡವಲ್ದಾಗಿತ್ತು. ಇದನ್ನ ನಾ ಯಾರ ಮುಂದೂ ಹೇಳಿಲ್ಲ.”

ಪ್ರಬಂಧದಲ್ಲಿ ಹಗೇವಿನಿಂದ ಬದುಕಿ ಬಂದವರು ಇಬ್ಬರು ಎಂದು ಬರೆದೆ. ಅದು ಸುಳ್ಳೇನಲ್ಲ. ಈಗ ಆ ಇಬ್ಬರೂ ಇಲ್ಲ.

ಕಲ್ಲು ಎಬ್ಬಿಸಿದ ಮರುದಿನ ನಾನು ಮೊದಲ ಬಾರಿಗೆ ಚಿಮ್ಮನಚೋಡಕ್ಕೆ, ಆ ಮುದುಕಿಯ ಮನೆಗೇ ಹೋದೆ. ಹಗೇವಿನ ಬಾಯಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಸಂಜೆ ಮನೆಯ ಸೊಸೆ ಅದರ ಕಲ್ಲಿನ ಮೇಲೆ ಇಡಲು ಒಂದು ಬಟ್ಟಲು ನೀರು ತಂದಳು. ಯಾರಿಗೆ ಎಂದು ಕೇಳಿದೆ.

“ಯಾರಿಗಂತ ಗೊತ್ತಿಲ್ರಿ. ನಮ್ಮ ಅತ್ತಿ ಇಡತಿದ್ರು, ಅವರ ಅತ್ತಿನೂ ಇಡತಿದ್ರಂತ. ಬಂದೀರಲ್ಲ, ಇವತ್ತ ನೀವೇ ಇಡ್ರಿ.”

ಆ ಮಗು ಯಾರದು, ಯಾವ ಜಾತಿಯದು, ಯಾರಿಗೆ ಹೆದರಿ ಒಳಗಿಳಿದಿತ್ತು, ಯಾರೂ ಯಾಕೆ ಬಂದು ಎತ್ತಲಿಲ್ಲ? ಇಷ್ಟೆಲ್ಲ ಕೇಳಬೇಕೆಂದು ಹೋಗಿದ್ದವನು ಅವಳ ಕೈಯಿಂದ ಬಟ್ಟಲು ತೆಗೆದುಕೊಂಡೆ. ಅದನ್ನು ಕಲ್ಲಿನ ಮೇಲಿಟ್ಟು, ನೀರಿನ ಅಲುಗಾಟ ನಿಲ್ಲಲಿ ಎಂದು ಅಲ್ಲೇ ಕೂತೆ. ಗಾಳಿ ಇರಲಿಲ್ಲ; ಆದರೂ ಅದು ಎಷ್ಟೋ ಹೊತ್ತು ನಿಲ್ಲಲೇ ಇಲ್ಲ.