ಬೀಡಿ ಎಲೆಯ ಅಳತೆ

ಹೆದರುವುದಕ್ಕೆ ಸಂಬಳ ಕೊಡುತ್ತಿದ್ದರೆ ಮೊಯಿದಿನಬ್ಬ ಮಡಂತ್ಯಾರು ಪೇಟೆಗೇ ದೊಡ್ಡ ಸಾಹುಕಾರನಾಗುತ್ತಿದ್ದ. ಮುಂಡಪ್ಪ ಶೆಟ್ಟರ ಹಳೇ ವ್ಯಾನು ಓಡಿಸುವ ಕೆಲಸ ಅವನದು. ಬ್ರೇಕು ಹಿಡಿದರೂ ಹೆದರಿಕೆ, ಹಿಡಿಯದಿದ್ದರೂ ಹೆದರಿಕೆ. ಅಂಥವನ ಕಿವಿಗೆ ಸಾವಿರದ ಒಂಬೈನೂರ ಅರುವತ್ತೆರಡರ ಬೇಸಗೆಯಲ್ಲಿ ಇಂಜಿನಿನ ಟಕಟಕ ಬಿತ್ತು. ವಾರದೊಳಗೆ ಅದು ಪೇಟೆಗೆಲ್ಲ ಕೇಳಿಸತೊಡಗಿತು.

"ಗುರುವಾರ ಮಗಳ ಗಂಡನ ಮನೆಯವರನ್ನು ನಾರಾವಿಗೆ ಕರ್ಕೊಂಡು ಹೋಗ್ಲಿಕ್ಕುಂಟು," ಎಂದರು ಶೆಟ್ಟರು. "ಅವರೆದುರು ಈ ಮರ್ಯಾದೆಗೇಡಿ ಶಬ್ದ ಬಂದ್ರೆ ವ್ಯಾನು ಗುಜರಿಗೆ ಹಾಕ್ತೇನೆ. ಮತ್ತೆ ನೀನು ಬೇರೆ ಕಡೆ ನೋಡಿಕೊ ಮಾರಾಯ."

ಮೊಯಿದಿನಬ್ಬ ಆಗಲೇ ಬಾನೆಟ್ಟು ಎತ್ತಿದ. ಈ ಪ್ರಾಯದಲ್ಲಿ ಬೇರೆ ಕಡೆ ಎಂದರೆ ಎಲ್ಲಿ?

ಮೊದಲು ಆಯಿಲು ನೋಡಿದ, ಸರಿ ಇತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಇಂಜಿನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಆಲಿಸಿದ. ಕೆಳಗಿನ ಶಬ್ದವಾದರೆ ಇಂಜಿನಿಗೇ ಕೊನೆಗಾಲ. ಪುಣ್ಯಕ್ಕೆ ಅದು ಮೇಲಿನ ಮುಚ್ಚಳದ ಅಡಿಯದು. ಬಾಗಿಲಿನಂತೆ ತೆರೆದು ಮುಚ್ಚುವ ವಾಲ್ವಿಗೂ ಅದನ್ನು ಒತ್ತುವ ಟ್ಯಾಪೆಟ್ಟಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು, ಅದು ಹೆಚ್ಚಾಗಿ ಎರಡೂ ಒಂದಕ್ಕೊಂದು ಬಡಿಯುತ್ತಿದ್ದವು. ಸಂದು ಅಳೆಯುವ ತೆಳು ತಗಡುಗಳು ಇದ್ದದ್ದು ಮಂಗಳೂರಿನ ಗ್ಯಾರೇಜುಗಳಲ್ಲಿ. ನಮ್ಮ ಕಡೆಯ ಡ್ರೈವರುಗಳಿಗೆ ಬೀಡಿ ಎಲೆಯೇ ತಗಡು. ಸಂದಿನಲ್ಲಿ ಎರಡು ಎಲೆ ಬಿಗಿಯಾಗಿ ಜಾರಿದರೆ ಅಳತೆ ಸರಿ. ಬೀಡಿ ಕಟ್ಟುವ ಹೆಂಡತಿ ಬೀಫಾತಿಮಾಳ ಮೊರದಿಂದ ಎರಡೆಲೆ ಎತ್ತಿಕೊಂಡು, ತಣಿದ ಇಂಜಿನಿನ ಒಂದೊಂದೇ ತಿರುಪನ್ನು ಆ ಅಳತೆಗೆ ಬಿಗಿದ.

ಗಾಡಿ ಚಾಲೂ ಮಾಡಿದರೆ ಸದ್ದೇ ಇಲ್ಲ. ಶೆಟ್ಟರು ಬಂದು ಬಾನೆಟ್ಟಿನ ಮೇಲೆ ತಟ್ಟಿ, "ಈಗ ಸರಿ ಉಂಟು," ಎಂದು ಹೋದರು. ಮೊಯಿದಿನಬ್ಬನಿಗೆ ಮಾತ್ರ ಹೊಸ ಹೆದರಿಕೆ. ಹಳೇ ಇಂಜಿನು ಇಷ್ಟು ಸುಮ್ಮನಿರುವುದುಂಟೇ? ಬುಧವಾರ ಖಾಲಿ ವ್ಯಾನನ್ನು ನಾರಾವಿ ದಾರಿಯ ಗುಡ್ಡೆಯ ಏರಿಗೆ ಬಿಟ್ಟ. ಇಂಜಿನು ಕಾದದ್ದೇ ತಡ, ಶಕ್ತಿ ಹೋಯಿತು. ಕೆಮ್ಮಿ, ಅರ್ಧ ಏರಿನಲ್ಲೇ ನಿಂತಿತು. ಹಿಂದಕ್ಕಿಳಿಸಿ ಹೇಗೋ ಮನೆಗೆ ತಂದ.

"ಯಾವ ಎಲೆ ಇಟ್ಟದ್ದು ನೀವು?" ಬೀಫಾತಿಮಾ ಕೇಳಿದಳು. "ಮೊರದಲ್ಲಿದ್ದದ್ದಾ? ಅದು ನಾನು ಕತ್ತರಿಸ್ಲಿಕ್ಕೆ ನೆನೆಸಿಟ್ಟದ್ದಲ್ವಾ."

ನೆನೆದ ಎಲೆ ಒತ್ತಿದಷ್ಟೂ ಚಪ್ಪಟೆ. ಸಂದು ಉಳಿದೇ ಇರಲಿಲ್ಲ. ಬಿಸಿಗೆ ಹಿಗ್ಗಿದ ವಾಲ್ವು ಪೂರ್ತಿ ಮುಚ್ಚುತ್ತಿರಲಿಲ್ಲ. ಹಾಗೇ ಓಡಿಸಿದ್ದರೆ ಸುಟ್ಟುಹೋಗುತ್ತಿತ್ತು. ಇಂಜಿನು ತಣಿದ ಮೇಲೆ ಕಟ್ಟಿನಿಂದ ಒಣ ಎಲೆ ಬಿಡಿಸಿ ಎಲ್ಲ ಮೊದಲಿನಿಂದ ಮಾಡಿದ. ವ್ಯಾನು ಏರು ಹತ್ತಿತು. ಆದರೆ ಸಣ್ಣಗೆ ಟಿಕ್ ಟಿಕ್ ಉಳಿಯಿತು. ಬಿಗಿ ಮಾಡಿದರೆ ಸದ್ದೂ ಇಲ್ಲ, ಏರೂ ಇಲ್ಲ. ಹಾಗೇ ಬಿಟ್ಟರೆ ಶೆಟ್ಟರ ಗುಜರಿ. ಯೋಚಿಸಿ ಯೋಚಿಸಿ ಹಾಗೇ ಬಿಟ್ಟ.

ಗುರುವಾರ ಎಲ್ಲರನ್ನೂ ಕೂರಿಸಿ ಗಾಡಿ ಚಾಲೂ ಮಾಡಿದಾಗ, ಪಕ್ಕದ ಸೀಟಿನಲ್ಲಿದ್ದ ಶೆಟ್ಟರ ಮುಖ ಕೆಂಪಾಯಿತು.

"ಮತ್ತೆ ಬಂತಲ್ಲ?"

"ಇಷ್ಟು ಇರ್ಬೇಕು ಶೆಟ್ರೆ." ಮೊಯಿದಿನಬ್ಬನ ಸ್ವರ ಅವನಿಗೇ ಸರಿಯಾಗಿ ಕೇಳಿಸಲಿಲ್ಲ. "ಪೂರಾ ಬಾಯಿ ಮುಚ್ಚಿಸಿದ್ರೆ ಚಡಾವು ಹತ್ತುವಾಗ ನಿಲ್ತದೆ. ನಿನ್ನೆ ನಿಂತಿತ್ತು. ತಪ್ಪು ನನ್ನದೇ."

ಶೆಟ್ಟರು ಹೊರಡು ಎಂದು ಕೈಸನ್ನೆ ಮಾಡಿದರು. ದಾರಿಯುದ್ದಕ್ಕೂ ಆ ಟಿಕ್ ಟಿಕ್ ಮೊಯಿದಿನಬ್ಬನ ಎದೆಯ ಮೇಲೇ ಬೀಳುತ್ತಿತ್ತು. ಏರು ಬಂತು. ಗೇರು ಇಳಿಸಿದ. ತುಂಬಿದ ವ್ಯಾನು ಎಲ್ಲೂ ನಿಲ್ಲದೆ ಮೇಲೆ ಹೋಯಿತು. ಆಗ ಹಿಂದಿನ ಸೀಟಿನಿಂದ ಮಗಳ ಮಾವ, "ಶೆಟ್ರೆ, ಇದೆಂಥ ಶಬ್ದ?" ಎಂದು ಕೇಳಿದರು.

"ಅದು ಇರ್ಬೇಕಾದ ಶಬ್ದ," ಎಂದರು ಮುಂಡಪ್ಪ ಶೆಟ್ಟರು. "ನಮ್ಮ ಡ್ರೈವರಿಗೆ ಗೊತ್ತುಂಟು."