ಚಂದ್ರಹಾಸರಿಗೆಂದು ಹಾಕಿದ ಕುರ್ಚಿ

ಚಂದ್ರಹಾಸರು ಅಮೆರಿಕದ ಎಲೆಕ್ಷನ್ ಬಗ್ಗೆ ಮಾತಾಡುವುದನ್ನು ಬಿಟ್ಟಿದ್ದಾರೆ. ಹಿಂದೆ ಹಾಗಿರಲಿಲ್ಲ. ಆಕ್ಲೆಂಡಿನ ಯಾವ ಕನ್ನಡದವರ ಮನೆಗೆ ಊಟಕ್ಕೆ ಹೋದರೂ, ಪಾಯಸ ಬರುವ ಹೊತ್ತಿಗೆ ಅವರ ಮಾತು ಅಮೆರಿಕದ ಮೂರನೇ ಪಕ್ಷಕ್ಕೆ ಬಂದಿರುತ್ತಿತ್ತು. ಈಗ ಯಾಕೆ ಸುಮ್ಮನಿದ್ದಾರೆ ಅನ್ನುವುದನ್ನು ನಮ್ಮ ಜನ ನಗುತ್ತಾ ಹೇಳುತ್ತಾರೆ. ಅದು ನಗುವ ವಿಷಯ ಅಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಓದಿದ್ದು ಅರಸೀಕೆರೆಯಲ್ಲಿ ಏಳನೇ ಕ್ಲಾಸಿನವರೆಗೆ. ವೆಲ್ಡಿಂಗ್ ಕಲಿತು ಮಸ್ಕತ್ತಿಗೆ ಹೋಗಿ, ಅಲ್ಲಿಂದ ನ್ಯೂಜಿಲೆಂಡಿಗೆ ಬಂದವನು. ಆಕ್ಲೆಂಡಿನ ಈಸ್ಟ್ ತಮಾಕಿಯಲ್ಲಿ ನನ್ನದೊಂದು ಶೆಡ್ ಇದೆ. ಮದುವೆ, ಪೂಜೆ, ಸಂಘದ ಹಬ್ಬಗಳಿಗೆ ಕುರ್ಚಿ, ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತೇನೆ. ಚಂದ್ರಹಾಸರ ಪರಿಚಯ ಆದದ್ದು ಇಂಥ ಒಂದು ಹಬ್ಬದಲ್ಲೇ. ಗಣೇಶನ ಹಬ್ಬದ ದಿನ ನನ್ನ ಮೈಕು ಗೊರಗೊರ ಅಂದು ಮರ್ಯಾದೆ ತೆಗೆಯುತ್ತಿತ್ತು. ನಾನು ಅದನ್ನು ನೆಲಕ್ಕೆ ಕುಕ್ಕುವವನಿದ್ದೆ. ಹಿಂದಿನಿಂದ ಒಬ್ಬರು ಬಂದು, “ಬಡದ್ರ ಅದು ಮಾತಾಡ್ತೈತೇನ್ರಿ, ಕೊಡ್ರಿ ಇಲ್ಲೆ” ಅಂತ ಕೈಯಿಂದ ಕಿತ್ತುಕೊಂಡು, ಜೇಬಿನಲ್ಲಿದ್ದ ಪುಟ್ಟ ಸ್ಕ್ರೂಡ್ರೈವರಿನಿಂದ ಬಿಚ್ಚಿ ಸರಿ ಮಾಡಿದರು. ಆಮೇಲೆ ಪ್ರತಿ ಕಾರ್ಯಕ್ರಮಕ್ಕೂ ನನ್ನ ಜೊತೆಗೇ ಇರುತ್ತಿದ್ದರು.

ಅವರ ಊರು ಗದಗ. ಆಸ್ಪತ್ರೆಗಳ ಎಕ್ಸ್‌ರೇ ಯಂತ್ರ ರಿಪೇರಿ ಮಾಡುವ ಕೆಲಸ ಹಿಡಿದು ಅಮೆರಿಕದ ಫ್ಲಾರಿಡಾಕ್ಕೆ ಹೋಗಿ, ಟ್ಯಾಂಪಾ ಅನ್ನುವ ಊರಲ್ಲಿ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಇದ್ದವರು. ಅಲ್ಲಿನ ಪೌರತ್ವವೂ ಆಯಿತು. ಹೆಂಡತಿ ವಾಸಂತಿಯವರು ನರ್ಸ್. ಅವರಿಗೆ ಇಲ್ಲಿ ಕೆಲಸ ಸಿಕ್ಕಿದಾಗ ಇಬ್ಬರೂ ಆಕ್ಲೆಂಡಿನ ಹೆಂಡರ್ಸನ್‌ಗೆ ಬಂದರು. ಮಗಳು ಅಪೇಕ್ಷಾ ಅಮೆರಿಕದಲ್ಲೇ ಉಳಿದಳು.

ಅವರ ಜನ್ಮದ ಮೊದಲ ವೋಟು ಎರಡು ಸಾವಿರನೇ ಇಸವಿಯ ಅಮೆರಿಕದ ಅಧ್ಯಕ್ಷರ ಎಲೆಕ್ಷನ್ನಿನದು. ಅಲ್ಲಿ ದೊಡ್ಡ ಪಕ್ಷ ಎರಡೇ. ಬೇರೆಯವರೂ ನಿಲ್ಲುತ್ತಾರೆ, ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಟಿವಿಯಲ್ಲಿ ಅಭ್ಯರ್ಥಿಗಳ ದೊಡ್ಡ ಚರ್ಚೆ ನಡೆಯುತ್ತದಲ್ಲ, ಅದಕ್ಕೆ ಇವರನ್ನು ಕರೆಯುವುದಿಲ್ಲ. ಇದನ್ನು ಚಂದ್ರಹಾಸರು ನನಗೆ ವಿವರಿಸಿದ್ದು ಕುರ್ಚಿ ಇಳಿಸುವಾಗ.

“ಸರ್ವೇ ಮಾಡಿದಾಗ ನೂರಕ್ಕ ಹದಿನೈದು ಮಂದಿ ಮೊದಲ ನಿನ್ನ ಹೆಸರು ಹೇಳಿದ್ರ ಅಷ್ಟ ಸ್ಟೇಜ್ ಮ್ಯಾಲೆ ಬಿಡ್ತಾರ ವೀರಭದ್ರಪ್ಪ. ಕುರ್ಚಿ ಸಿಗಬೇಕಂದ್ರ ಮಂದಿಗೆ ಗೊತ್ತಿರಬೇಕು. ಮಂದಿಗೆ ಗೊತ್ತಾಗಬೇಕಂದ್ರ ಕುರ್ಚಿ ಸಿಗಬೇಕು. ಹೆಂಗೈತಿ?”

“ಇದು ಮೋಸ ಅಲ್ವೇನ್ರೀ?”

“ಮೋಸಂತ ಬರದಿಲ್ಲ. ನಿಯಮಂತ ಬರದಾರ.”

ಕುರ್ಚಿ ಬಾಡಿಗೆಗೆ ಕೊಡುವವನಿಗೆ ಈ ಮಾತು ಹೇಗೆ ನಾಟಬೇಕೋ ಹಾಗೆ ನಾಟಿತು.

ಆ ಮೊದಲ ವೋಟನ್ನು ಅವರು ಮೂರನೇ ಪಕ್ಷಕ್ಕೆ ಹಾಕಿದರು. ಆ ಸಲ ಇಡೀ ಅಮೆರಿಕದ ಫಲಿತಾಂಶ ಅವರ ಫ್ಲಾರಿಡಾದಲ್ಲೇ ಸಿಕ್ಕಿಹಾಕಿಕೊಂಡಿತು. ಕೊನೆಗೆ ಐನೂರು ಚಿಲ್ಲರೆ ವೋಟಿನ ಅಂತರದಲ್ಲಿ ತೀರ್ಮಾನ ಆಯಿತು. ಮೂರನೆಯವರಿಗೆ ವೋಟು ಹಾಕಿದವರೆಲ್ಲ ವೋಟು ಒಡೆದವರು, ಇವರಿಂದಲೇ ಗೆಲ್ಲಬೇಕಾದವನು ಸೋತ ಅಂತ ಎಲ್ಲರೂ ಬೈದರು. ಟ್ಯಾಂಪಾದ ಕನ್ನಡದವರು ಬಾಯಿ ಚಪಲಕ್ಕೆ ಅಂದರು, ಇವರು ನಕ್ಕು ಸುಮ್ಮನಾದರು. ಗೆದ್ದವನು ಎರಡು ಮೂರು ವರ್ಷಕ್ಕೆ ಇರಾಕಿನ ಮೇಲೆ ಯುದ್ಧ ಶುರುಮಾಡಿದ. ಪಕ್ಕದ ಮನೆಯ ಹುಡುಗ ಸೈನ್ಯದಲ್ಲಿದ್ದ. ಅಪೇಕ್ಷಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗುತ್ತಿದ್ದವನು. ಇರಾಕಿಗೆ ಹೋದವನು ಪೆಟ್ಟಿಗೆಯಲ್ಲಿ ಬಂದ. ಅವನ ತಾಯಿ ಇವರಿಗೆ ಒಂದು ಮಾತೂ ಅನ್ನಲಿಲ್ಲ. ಎಂದಿನಂತೆ ಬೇಲಿಯ ಆಚೆಯಿಂದ ಕೈ ಬೀಸುತ್ತಿದ್ದರು. ಆದರೆ ಹುಡುಗನ ಮಣ್ಣಿನಿಂದ ವಾಪಸು ಬರುವಾಗ ಕಾರಿನಲ್ಲಿ ಒಬ್ಬ ಸ್ನೇಹಿತ, “ಇದರಲ್ಲಿ ನಿನ್ನ ವೋಟೂ ಸೇರಿದೆ ನೋಡು” ಅಂದನಂತೆ.

ಅಷ್ಟಾದರೂ ಚಂದ್ರಹಾಸರು ಬದಲಾಗಲಿಲ್ಲ. ಮುಂದಿನ ಮೂರು ಎಲೆಕ್ಷನ್ನಿನಲ್ಲೂ, ಇಲ್ಲಿಗೆ ಬಂದ ಮೇಲೆ ಅಂಚೆಯಲ್ಲಿ ಕಳಿಸಿಯೂ, ಮೂರನೇ ಪಕ್ಷಕ್ಕೇ ಹಾಕಿದರು. ಯುದ್ಧಕ್ಕೆ ಎರಡೂ ಪಕ್ಷದವರು ಕೈ ಎತ್ತಿದ್ದರು, ನಾನು ಯಾಕೆ ತಲೆ ತಗ್ಗಿಸಲಿ ಅನ್ನುವುದು ಅವರ ವಾದ. ಆ ವಾದ ಮಾಡುವಾಗ ಅವರು ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ ಅನ್ನುವುದನ್ನು ನಾನು ಆಗ ಗಮನಿಸಲಿಲ್ಲ.

ಎರಡು ಸಾವಿರದ ಹದಿನಾರರಲ್ಲಿ ನಮ್ಮ ರಾಜ್ಯೋತ್ಸವ ನವೆಂಬರಿನ ಮೊದಲ ಭಾನುವಾರ ಬಂತು. ಅದಾಗಿ ಮೂರನೇ ದಿನ, ಬುಧವಾರ, ನಮ್ಮ ಗಡಿಯಾರಕ್ಕೆ ಅಮೆರಿಕದ ಫಲಿತಾಂಶ. ಸಂಘದ ಕಾರ್ಯದರ್ಶಿ ಬದರಿನಾಥ್, ಬೆಂಗಳೂರಿನವರು, ಸಾಫ್ಟ್‌ವೇರ್. ಮಕ್ಕಳು ಕನ್ನಡದಲ್ಲಿ ಮಾತಾಡಲಿ ಅಂತ ಅಮೆರಿಕದ ಎಲೆಕ್ಷನ್ ಬಗ್ಗೆ ಒಂದು ಚರ್ಚೆ ಇಟ್ಟರು. ದೊಡ್ಡವರು ಅಭ್ಯರ್ಥಿಗಳ ಪರವಾಗಿ ಮಾತಾಡುವುದು, ಮಕ್ಕಳು ಪ್ರಶ್ನೆ ಕೇಳುವುದು. ಕಮಿಟಿಯ ಮೀಟಿಂಗಿನಲ್ಲಿ ಚಂದ್ರಹಾಸರು ಎದ್ದು ನಿಂತು, “ಮೂರನೇ ಪಕ್ಷಕ್ಕೂ ಒಂದ ಕುರ್ಚಿ ಹಾಕ್ರಿ. ನಾ ಮಾತಾಡ್ತೀನಿ” ಅಂದರು.

“ಅಂಕಲ್, ಚರ್ಚಾಸ್ಪರ್ಧೆ ಅಂದ್ಮೇಲೆ ಪರ, ವಿರೋಧ ಎರಡೇ” ಅಂದರು ಬದರಿನಾಥ್. “ಮೂರನೇದು ಅಂತ ಏನಾದ್ರೂ ಇದ್ರೆ ಅದು ಊಟ.”

ಎಲ್ಲರೂ ನಕ್ಕರು. ಬದರಿನಾಥ್ ಬಿಡಲಿಲ್ಲ. “ಸರಿ, ವಾಟ್ಸಾಪ್ ಗ್ರೂಪಲ್ಲಿ ಕೇಳೋಣ. ಹದಿನೈದು ಪರ್ಸೆಂಟ್ ಜನ ಹೂಂ ಅಂದ್ರೆ ಕುರ್ಚಿ. ರೂಲ್ ಹೇಳಿಕೊಟ್ಟಿದ್ದು ನೀವೇ ಅಲ್ವಾ?”

ಗ್ರೂಪಿನಲ್ಲಿ ಹೂಂ ಅಂದವರು ನಾಲ್ಕು ಜನ. ಅದರಲ್ಲಿ ನಾನೊಬ್ಬ, ವಾಸಂತಿಯವರೊಬ್ಬರು. ನನಗೆ ಮೈ ಉರಿದುಹೋಯಿತು. ಮೂರು ಕಾಸಿನ ರಾಜ್ಯೋತ್ಸವದ ಚರ್ಚೆಗೂ ಅಮೆರಿಕದ ಹಾಗೇ ಬಾಗಿಲು ಹಾಕುತ್ತಾರಲ್ಲ ಅಂತ. ಮೂರನೇ ಕುರ್ಚಿ ಹಾಕಿಯೇ ಹಾಕುತ್ತೇನೆ ಅಂತ ಯಾರಿಗೂ ಹೇಳದೆ ತೀರ್ಮಾನ ಮಾಡಿದೆ. ಕುರ್ಚಿ ನನ್ನದು, ಮೈಕು ನನ್ನದು. ಅವರು ನಿಲ್ಲಿಸಲಿ ನೋಡೋಣ.

ಭಾನುವಾರ ಬೆಳಿಗ್ಗೆ ಹೆಂಡರ್ಸನ್‌ನ ಮನೆಯಿಂದ ಚಂದ್ರಹಾಸರನ್ನು ನನ್ನ ಪಿಕಪ್ ಗಾಡಿಗೆ, ಇಲ್ಲಿಯವರ ಮಾತಿನ ಯೂಟ್‌ಗೆ ಹತ್ತಿಸಿಕೊಂಡೆ. ವಿಷಯ ಹೇಳಿದೆ. ಖುಷಿ ಪಡುತ್ತಾರೆ ಅಂದುಕೊಂಡಿದ್ದೆ.

“ಬ್ಯಾಡ್ರಿ” ಅಂದರು. “ಮಂದಿ ಬ್ಯಾಡ ಅಂದಾರ. ಬಿಡ್ರಿ.”

“ಏನ್ ಬಿಡೋದು? ಹದಿನಾರು ವರ್ಷ ಬೈಸ್ಕೊಂಡು ಬಂದಿದ್ದೀರಾ, ಇವತ್ತು ಬಿಡ್ತೀರಾ?”

“ವೀರಭದ್ರಪ್ಪ, ನಿಮಗೊಂದ ಮಾತ ಹೇಳೂದೈತಿ.”

“ಏನಿದ್ರೂ ಸ್ಟೇಜ್ ಮೇಲೆ ಹೇಳಿ. ನನಗೊಬ್ಬನಿಗೆ ಹೇಳಿ ಏನಾಗ್ಬೇಕು?”

ಸಿಗ್ನಲ್ಲಿನಲ್ಲಿ ನಿಂತಾಗ ಇನ್ನೊಮ್ಮೆ ಬಾಯಿ ತೆರೆದರು. ನಾನು ಆಗಲೇ ಬದರಿನಾಥ್‌ಗೆ ಏನೇನು ಅನ್ನಬೇಕು ಅಂತ ಜೋರಾಗಿ ಹೇಳುತ್ತಿದ್ದೆ. ಅವರು ಕಿಟಕಿಯ ಕಡೆ ತಿರುಗಿದರು.

ಹಾಲ್‌ನಲ್ಲಿ ಸ್ಟೇಜಿನ ಮೇಲೆ ಮೂರು ಕುರ್ಚಿ ಹಾಕಿ, ಮೂರು ಮೈಕು ಇಟ್ಟೆ. ಬದರಿನಾಥ್ ಓಡಿಬಂದರು.

“ಇದೇನ್ ಸರ್ ಇದು? ಡಿಸೈಡ್ ಆಗಿತ್ತಲ್ವಾ?”

“ಆ ಕುರ್ಚಿ ಎತ್ತಿದ್ರೆ ಹಾಲ್‌ನಲ್ಲಿರೋ ಅಷ್ಟನ್ನೂ ಎತ್ಕೊಂಡ್ ಹೋಗ್ತೀನಿ ಸ್ವಾಮಿ. ಜನ ನೆಲದ ಮೇಲೆ ಕೂತು ರಾಜ್ಯೋತ್ಸವ ಮಾಡ್ಲಿ.”

“ಕೂಲ್, ಕೂಲ್” ಅಂತ ಅವರು ಕೈ ಎತ್ತಿದರು. ನಾನು ಚಂದ್ರಹಾಸರ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದೆ. ಅವರ ತೋಳು ಹಗುರವಾಗಿತ್ತು. ಸಂಕೋಚದ ಮನುಷ್ಯ, ಮೈಕು ಕೈಗೆ ಬಂದರೆ ಸರಿಹೋಗುತ್ತಾರೆ ಅಂದುಕೊಂಡೆ.

ಮೊದಲಿಬ್ಬರು ಮಾತಾಡಿದರು, ಜನ ಅವರವರ ಕಡೆಯವರಿಗೆ ಚಪ್ಪಾಳೆ ತಟ್ಟಿದರು. ಮೂರನೆಯವರಾಗಿ ಚಂದ್ರಹಾಸರು ಎದ್ದರು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿ ಮಾತಾಡಿದರು. ಕುರ್ಚಿಯ ಕಥೆ ಹೇಳಿದರು, ಹದಿನೈದು ಪರ್ಸೆಂಟಿನ ಕಥೆ ಹೇಳಿದರು. ಎಷ್ಟೋ ರಾಜ್ಯಗಳಲ್ಲಿ ಮತಪತ್ರದ ಮೇಲೆ ಹೆಸರು ಅಚ್ಚಾಗುವುದಕ್ಕೇ ಸಾವಿರಾರು ಸಹಿ ತರಬೇಕು, ತಂದ ಸಹಿಯನ್ನೂ ವಕೀಲರನ್ನಿಟ್ಟು ಹೊಡೆದುಹಾಕುತ್ತಾರೆ ಅಂದರು. “ಇಲ್ಲೆ ನ್ಯೂಜಿಲೆಂಡ್‌ನಾಗ ನೂರಕ್ಕ ಐದು ವೋಟು ಬಂದ್ರ ಪಾರ್ಲಿಮೆಂಟಿನ್ಯಾಗ ಕುಂಡರ್ತಾರ. ಅಲ್ಲೆ ಐದು ಬಂದ್ರ ಬೈಗಳ ತಿಂತಾರ” ಅಂದಾಗ ಎಲ್ಲರೂ ನಕ್ಕರು, ಒಳ್ಳೆಯ ನಗು. ನಾನು ಸ್ಪೀಕರಿನ ಪಕ್ಕ ಎದೆ ಉಬ್ಬಿಸಿ ನಿಂತಿದ್ದೆ.

ಆಮೇಲೆ ಮಕ್ಕಳ ಸರದಿ. ಮಾನ್ಯ ಅಂತ ಹೈಸ್ಕೂಲಿನ ಹುಡುಗಿ, ಬದರಿನಾಥ್ ಅವರ ಅಣ್ಣನ ಮಗಳು, ಎದ್ದು ನಿಂತಳು. ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ. ಅವತ್ತು ಕನ್ನಡವನ್ನು ಜೋಡಿಸಿಕೊಂಡು ಕೇಳಿದಳು. “ಅಂಕಲ್, ನೀವು ರಿಯಲ್ ಆಗಿ ಅಲ್ಲಿ ವೋಟ್ ಮಾಡ್ತೀರಲ್ಲ. ಈ ಸಲ ಮೂರನೇ ಪಾರ್ಟಿಗೇ ಹಾಕಿದ್ರಾ?”

ಕುಹಕ ಇರಲಿಲ್ಲ ಅದರಲ್ಲಿ. ನಿಜವಾಗಿ ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದು. ಚಂದ್ರಹಾಸರು ಹೂಂ ಅಂದಿದ್ದರೆ ಮುಗಿಯುತ್ತಿತ್ತು. ವೋಟು ಆಗಲೇ ಅಂಚೆಯಲ್ಲಿ ಹೋಗಿಯಾಗಿತ್ತು. ನೋಡಿದವರು ಯಾರು?

ಅವರು ಮೈಕನ್ನು ಬಾಯಿಂದ ಸ್ವಲ್ಪ ದೂರ ಹಿಡಿದರು. “ಇಲ್ಲವ್ವಾ” ಅಂದರು.

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅಂತ ನಾನು ಸೌಂಡು ಹೆಚ್ಚಿಸಿದೆ.

“ಈ ಸಲ ಹಾಕಲಿಲ್ಲ. ನನ್ನ ಮಗಳು ಫೋನ್ ಮಾಡಿದ್ಲು. ಪಪ್ಪಾ, ನೀ ಅಲ್ಲಿಂದ ವೋಟ್ ಹಾಕಿ ಮಲಗ್ತೀ, ಬೆಳಗಾದ್ರ ಇಲ್ಲಿ ಬದುಕಾಕಿ ನಾನು ಅಂದ್ಲು. ಪಕ್ಕದ ಮನಿ ಹುಡುಗನ ಹೆಸರು ತಗದ್ಲು. ಹದಿಮೂರು ವರ್ಷದಾಗ ನಮ್ಮ ಮನ್ಯಾಗ ಯಾರೂ ಆ ಹೆಸರ ತಗದಿದ್ದಿಲ್ಲ. ನನಗ ಅಂಜಿಕಿ ಆತು. ಆಕಿ ಹೇಳಿದ ದೊಡ್ಡ ಪಕ್ಷಕ್ಕ ಹಾಕಿ ಕಳಿಸಿದೆ.”

ಹೆಚ್ಚಿಸಿದ ಸೌಂಡಿನಲ್ಲಿ ಇದು ಹಾಲಿನ ಮೂಲೆಮೂಲೆಗೂ, ಅಡುಗೆಮನೆಯಲ್ಲಿ ಬಿಸಿಬೇಳೆಬಾತ್ ಕಲಸುತ್ತಿದ್ದವರಿಗೂ ಕೇಳಿಸಿತು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬದರಿನಾಥ್ ಮೈಕು ತೆಗೆದುಕೊಂಡು, “ಅಂಕಲ್, ನಿಮ್ಮ ವೋಟೇ ಸಿಗದಿರೋ ಪಾರ್ಟಿಗೆ ನಮ್ಮ ಹತ್ರ ಕುರ್ಚಿ ಕೇಳಿದ್ರಲ್ಲ” ಅಂದರು. ಹಾಲಿಗೆ ಹಾಲೇ ನಕ್ಕಿತು. ಮಾನ್ಯ ಮಾತ್ರ ನಗಲಿಲ್ಲ. ಏನು ತಪ್ಪು ಕೇಳಿದೆ ಅನ್ನುವ ಹಾಗೆ ನಿಂತೇ ಇದ್ದಳು.

ಚಂದ್ರಹಾಸರೂ ನಗುವುದಕ್ಕೆ ನೋಡಿದರು. ಆಗಲಿಲ್ಲ. ತಮ್ಮ ಕುರ್ಚಿಯನ್ನು ತಾವೇ ಮಡಿಚಿ, ಕಂಕುಳಲ್ಲಿ ಇಟ್ಟುಕೊಂಡು, ಮೆಟ್ಟಿಲಿಳಿದು ಬಂದು, ಗೋಡೆಗೆ ಒರಗಿಸಿದ್ದ ಉಳಿದ ಕುರ್ಚಿಗಳ ಜೊತೆ ಸೇರಿಸಿದರು. ಅದು ಸರಿಯಾಗಿ ಒರಗಲಿಲ್ಲ. ಬಗ್ಗಿ ಎರಡು ಸಲ ಸರಿಮಾಡಿದರು. ಜನ ನೋಡುತ್ತಿದ್ದರು.

ನನಗೆ ಮೊದಲು ಬಂದದ್ದು ಕೋಪವೇ, ಅದೂ ಅವರ ಮೇಲೆ. ನಿನಗಾಗಿ ಜಗಳ ಆಡಿದೆನಲ್ಲಯ್ಯಾ ಅಂತ. ಅವರು ನನ್ನ ಪಕ್ಕ ಬಂದು ನಿಂತು ಮೆಲ್ಲಗೆ, “ಯೂಟ್‌ನಾಗ ಹೇಳೂದಿತ್ತು” ಅಂದಾಗ ಆ ಕೋಪ ಎಲ್ಲಿ ಹೋಯಿತೋ. ಸ್ಪೀಕರಿನ ವೈರು ಸುತ್ತತೊಡಗಿದೆ. ಕಾರ್ಯಕ್ರಮ ಇನ್ನೂ ಮುಗಿದಿರಲಿಲ್ಲ. ಮಕ್ಕಳ ಡ್ಯಾನ್ಸ್ ಬಾಕಿಯಿತ್ತು. ಸುತ್ತಿದ ವೈರನ್ನು ಅವರೇ ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಬಿಚ್ಚಿ ಜೋಡಿಸಿದರು.

ಬುಧವಾರ ಮಧ್ಯಾಹ್ನ ಶೆಡ್ಡಿನಲ್ಲಿ ರೇಡಿಯೋ ಹಾಕಿಕೊಂಡು ಕೆಲಸ ಮಾಡುತ್ತಿದ್ದೆ. ಫ್ಲಾರಿಡಾದ ಸುದ್ದಿ ಬಂತು. ಚಂದ್ರಹಾಸರು ವೋಟು ಹಾಕಿದ್ದ ಪಕ್ಷ ಅಲ್ಲಿ ಸೋತಿತ್ತು. ಆಮೇಲೆ ದೇಶವನ್ನೂ ಸೋತಿತು. ಸಂಜೆ ಅವರು ಆಸ್ಪತ್ರೆಯ ಕೆಲಸ ಮುಗಿಸಿ ಬಂದರು, ಭಾನುವಾರ ಕೆಟ್ಟಿದ್ದ ಒಂದು ಮೈಕು ನೋಡುವುದಕ್ಕೆ. ಬರುವುದಿಲ್ಲ ಅಂದುಕೊಂಡಿದ್ದೆ. ಸ್ಟೂಲಿನ ಮೇಲೆ ಕೂತು ಮೈಕು ಬಿಚ್ಚಿದರು.

“ಮಗಳು ಏನಂದ್ಳು?” ಅಂತ ಕೇಳಿದೆ.

“ಅಳಾಕತ್ತಿದ್ಲು. ನೀ ಆದ್ರೂ ಸರಿ ಮಾಡಿದಿ ಪಪ್ಪಾ ಅಂದ್ಲು. ಹೂಂ ಅಂದೆ.” ಮೈಕಿನೊಳಗಿನ ತಂತಿಯ ತುದಿ ಕೆರೆದರು. “ಆವಾಗ ಐನೂರರಾಗ ಸೋತ್ರು, ನನ್ನಿಂದ ಅಂದ್ರು. ಈ ಸಲ ಲಕ್ಷದ ಮ್ಯಾಲೆ ಸೋತಾರ. ನಾ ಹಾಕಿದ್ರೂ ಅಷ್ಟ, ಬಿಟ್ರೂ ಅಷ್ಟ ಇತ್ತು. ಯಾರೂ ನನ್ನ ಹೊರಗ ದಬ್ಬಲಿಲ್ಲ ವೀರಭದ್ರಪ್ಪ. ವೋಟಿನ ಚೀಟಿ ಮ್ಯಾಲೆ ಮೂರನೇ ಪಕ್ಷದವರ ಹೆಸರೂ ಇತ್ತು. ಪೆನ್ ನನ್ನ ಕೈಯಾಗಿತ್ತು.”

ಮಾತು ಬದಲಿಸೋಣ ಅಂತ, ಪ್ರತಿಸಲ ಅವರೇ ಖುಷಿಯಿಂದ ಹೇಳುತ್ತಿದ್ದ ಲೆಕ್ಕವನ್ನು ನಾನೇ ಕೇಳಿದೆ. “ಮೂರನೆಯವರಿಗೆ ಎಷ್ಟು ಬಂತು ಈ ಸಲ?”

“ನೋಡಲಿಲ್ರಿ.”

ಪಾಯಿಂಟ್ ಮುಂದಿನ ಅಂಕಿಯನ್ನೂ ಬಾಯಿಪಾಠ ಇಟ್ಟುಕೊಂಡಿದ್ದ ಮನುಷ್ಯ.

“ಫೋನ್‌ನಲ್ಲಿ ಬಂದಿರತ್ತಲ್ರೀ, ನೋಡೋಣ ತಡೀರಿ” ಅಂತ ನಾನು ಜೇಬಿಗೆ ಕೈಹಾಕಿದೆ.

“ಬ್ಯಾಡ” ಅಂದರು. ತಲೆ ಎತ್ತಲಿಲ್ಲ. “ಎಷ್ಟ ಇದ್ರೂ, ಒಂದು ಕಮ್ಮೀನ ಇರ್ತೈತಿ.”

ನಾನು ಫೋನನ್ನು ಹೊರಗೆ ತೆಗೆಯಲಿಲ್ಲ. ಅವರು ಮೈಕಿನ ಮುಚ್ಚಳ ಹಾಕಿ, ಸ್ಕ್ರೂ ಬಿಗಿ ಮಾಡಿ, ಆನ್ ಮಾಡಿ ನೋಡದೆ ನನ್ನ ಕೈಗೆ ಕೊಟ್ಟರು.